ಅಳಿಯನ ಹಸಿರು ಚುಕ್ಕಿಗಳು

ನಮ್ಮ ಅಳಿಯನಿಗೆ ತಲೆ ಕೆಟ್ಟಿದೆ ಎಂದು ನಾನು ಎಂದೂ ಹೇಳಿಲ್ಲ. ಕೆಡಬೇಕಾದರೆ ಅದು ಮೊದಲು ಸರಿಯಾಗಿ ಇದ್ದಿರಬೇಕಲ್ಲ!

ತಮಿಳು ಸೀಮೆಯ ತುಡಿಯಲೂರಿನಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಹಿಂದೆ ಮಗ್ಗ ಇದ್ದ ಜಾಗದಲ್ಲಿ, ಈಗ ಅವನ ಮೇಜು. ಮಗ್ಗ ಕಳಚಿ ಜಾಗ ಬಿಟ್ಟುಕೊಟ್ಟವರು ನಮ್ಮ ಯಜಮಾನರು. ಹೋದ ಆಡಿ ತಿಂಗಳಲ್ಲಿ, ಆಷಾಢದಲ್ಲಿ, ಅವರೂ ತೀರಿಕೊಂಡರು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಕಂಪ್ಯೂಟರುಗಳನ್ನು ಇಲ್ಲಿ ಕೂತೇ ಕಾಯುವುದು ಅಳಿಯನ ಉದ್ಯೋಗ. ಎಲ್ಲಿವೆ ಅವು ಎಂದು ಕೇಳಿದರೆ ಆಕಾಶ ತೋರಿಸುತ್ತಾನೆ. ಕ್ಲೌಡಂತೆ! ಮೋಡ ಕಾಯುವವನಿಗೆ ಸಂಬಳ ಕೊಡುವ ಮುದಲಾಳಿಯೂ ನಮ್ಮ ಸೀಮೆಯಲ್ಲೇ ಹುಟ್ಟಬೇಕಿತ್ತು.

ವಿಷಯ ಇಷ್ಟೆ. ಅವು ಬಾಡಿಗೆ ಯಂತ್ರಗಳು. ಹೊರದೇಶದ ಆರ್ಡರು ಬಂದಾಗ ಬನಿಯನ್ ಕಂಪನಿಗೆ ವಡಕ್ಕಿನ, ಅಂದರೆ ಉತ್ತರದ ಕಡೆಯ, ಹುಡುಗರು ಬಂದು ತುಂಬಿಕೊಳ್ಳುತ್ತಾರಲ್ಲ, ಹಾಗೆ ಇವೂ ಕೆಲಸ ಹೆಚ್ಚಾದರೆ ತಾವಾಗಿ ಹೆಚ್ಚುತ್ತವೆ. ಇಳಿದರೆ ಹೇಳದೆ ಕೇಳದೆ ಮಾಯ. ಪ್ರತಿಯೊಂದರ ಹತ್ತಿರವೂ ಹೋಗಿ, ಮೈ ಬಿಸಿಯಾ, ಹೊಟ್ಟೆ ತುಂಬಿದೆಯಾ, ಉಸಿರು ಇದೆಯಾ ಎಂದು ವಿಚಾರಿಸಿಕೊಂಡು ಬರುವ ಒಂದು ಪ್ರೋಗ್ರಾಮಿದೆ. ಆದರೆ ಯಾರನ್ನು ವಿಚಾರಿಸಬೇಕೆಂದು ಅಳಿಯ ಕೈಯಾರೆ ಬರೆದು ಕೊಡಬೇಕಿತ್ತು. ಒಮ್ಮೆ ಹೊಸ ಯಂತ್ರವೊಂದನ್ನು ಬರೆಯಲು ಮರೆತ. ಅದು ಯಾರ ಕಣ್ಣಿಗೂ ಬೀಳದೆ ಹೊಟ್ಟೆ ತುಂಬಿ ಸತ್ತಿತು. ಲಾರಿ ಹತ್ತಬೇಕಾದ ಸರಕು ಗೋಡೌನಿನಲ್ಲೇ ಕೂತಿತು. ಇನ್ನೊಂದು ಸಲ ಹೀಗಾದರೆ ನೀನು ಮನೆಯಲ್ಲೇ ಇರಬಹುದು ಎಂದರಂತೆ ಮುದಲಾಳಿ.

"ಈಗ ಮಾತ್ರ ಎಲ್ಲಿದ್ದಾರೆ?" ಎಂದು ನಾನು ಕೇಳಿದೆ. ಮಗಳು ನನ್ನತ್ತ ಕಣ್ಣು ಬಿಟ್ಟಳು.

ಅಂದಿನಿಂದ ಅವನಿಗೆ ಒಂದೇ ಹುಚ್ಚು. ಬರೆಯುವುದೇ ಬೇಡ, ಪ್ರೋಗ್ರಾಮು ತಾನೇ ಹುಡುಕಿಕೊಳ್ಳಬೇಕು! ಯಂತ್ರ ಹುಟ್ಟಿದ ಕೂಡಲೇ ಪರದೆಯ ಮೇಲೆ ಹಸಿರು ಚುಕ್ಕಿ. ಉತ್ತರ ಕೊಡದಿದ್ದರೆ ಕೆಂಪು ಚುಕ್ಕಿ, ಜೊತೆಗೆ ಅಲಾರಂ. ಇದನ್ನು ಮುದಲಾಳಿಯ ಎದುರು ಮಾಡಿ ತೋರಿಸಬೇಕು, ಇಲ್ಲವೇ ಕೆಲಸ ಬಿಡಬೇಕು.

ಮೊದಲ ದಿನ ಪರದೆ ಖಾಲಿ. ಒಂದು ಚುಕ್ಕಿಯೂ ಇಲ್ಲ.

"ಎಲ್ಲಿ ಮಾಪ್ಳೆ ನಿಮ್ಮ ಮೋಡ? ಸುರಿದು ಹೋಯ್ತಾ?"

"ಒಳಗೆ ನೋಡೋಕೆ ಪರ್ಮಿಷನ್ ತೊಗೊಂಡಿರ್ಲಿಲ್ಲ ಅತ್ತೆ."

ಹೆಣ್ಣು ನೋಡಲು ಬಂದವರೂ ಬಾಗಿಲು ತಟ್ಟಿಯೇ ಒಳಗೆ ಬರುತ್ತಾರೆ. ಇವನಿಗೆ ಅದೂ ಗೊತ್ತಿಲ್ಲ!

ಪರ್ಮಿಷನ್ ಸಿಕ್ಕಿದ ಮೇಲೆ ಪ್ರೋಗ್ರಾಮು ಊರಿನಲ್ಲಿರುವುದನ್ನೆಲ್ಲ ಹುಡುಕಿಕೊಂಡಿತು. ಪಾಠ ಕಲಿಯಲೆಂದು ಇಟ್ಟ ಯಂತ್ರಗಳೂ ಅದರಲ್ಲಿದ್ದವು. ಬಾಡಿಗೆ ಉಳಿಸಲು ಅವನ್ನು ದಿನಾ ಸಂಜೆ ಆರಿಸುತ್ತಾರೆ. ನಾನು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಳಿಯನ ಫೋನು ಎದೆ ಬಡಿದುಕೊಂಡು ಅಳತೊಡಗಿತು. ಯಾರು ಹೋದರು ಎಂದು ಕೇಳುತ್ತ ಪಕ್ಕದ ಮನೆಯಾಕೆ ಸೆರಗು ಸರಿಮಾಡಿಕೊಂಡು ಬಂದೇಬಿಟ್ಟಳು. ಆಮೇಲೆ ಬುದ್ಧಿ ಬಂತು. ಬನಿಯನ್ನಿನ ಕುತ್ತಿಗೆಗೆ ಹೊಲಿಯುವಂತೆ, ಬೇಕಾದ ಯಂತ್ರಗಳಿಗೆಲ್ಲ ಒಂದು ಲೇಬಲ್. ಲೇಬಲ್ ಇದ್ದರೆ ವಿಚಾರಿಸು, ಇಲ್ಲದಿದ್ದರೆ ಮುಂದೆ ಹೋಗು.

ಅಷ್ಟಕ್ಕೆ ಬಿಟ್ಟನೇ? ಪರೀಕ್ಷೆ ಮಾಡಲು ಮನೆಯವರೇ ಸಿಕ್ಕೆವು. ಯಾರ ಫೋನು ಮನೆಯ ವೈಫೈಗೆ ತಗುಲಿದರೂ ಅವರೊಂದು ಚುಕ್ಕಿ. ಇದು ಗೊತ್ತಿಲ್ಲದೆ ನಾನು ಸೊಪ್ಪು ತರಲು ಸಂತೆಗೆ ಹೋದೆ. ಸ್ವಲ್ಪ ಹೊತ್ತಿಗೆ ಸ್ಕೂಟರಿನಲ್ಲಿ ಹಾರಿಕೊಂಡು ಬಂದ.

"ಅತ್ತೆ, ನೀವು ಕೆಂಪಾಗಿ ಡೌನ್ ಆಗ್ಬಿಟ್ರಿ!"

"ನಿಮ್ಮ ಮೂಗು ಡೌನು! ಕೀರೆ ತೊಗೊಳ್ಳೋಕೆ ಬಂದೆನಪ್ಪಾ."

ಸೊಪ್ಪಿನವಳು ನಕ್ಕ ನಗೆಗೆ ಒಂದು ಕಟ್ಟು ಹೆಚ್ಚಿಗೆ ಕೊಡಬಹುದಿತ್ತು, ಕೊಡಲಿಲ್ಲ.

ಮನೆಗೆ ಬಂದ ಮೇಲೆ ಅಳಿಯ ಹೊಸ ಪಾಠ ಹೇಳಿದ. "ಹೋದವ್ರನ್ನ ಪರದೆಯಿಂದ ತೆಗೆದ್ಬಿಡ್ಬೇಕು ಅತ್ತೆ. ಇಲ್ದಿದ್ರೆ ಸುಮ್ಸುಮ್ನೆ ಕೂಗ್ತಾನೇ ಇರುತ್ತೆ. ಇನ್ಮೇಲೆ ಯಾರು ಹೊರಗೆ ಹೋದ್ರೂ ತಾನಾಗಿ ಅಳಿಸಿಹೋಗುತ್ತೆ."

"ಮೊದಲೇ ಮಾಡಿದ್ರೆ ಪೆಟ್ರೋಲಾದ್ರೂ ಉಳೀತಿತ್ತು."

"ಸರಿಂಗ ಅತ್ತೆ."

ತೋರಿಸುವ ದಿನ ಬಂತು. ಮದುವೆಯ ಅಂಗಿ ಹಾಕಿಕೊಂಡು ತಿರುಪ್ಪೂರು ಬಸ್ಸು ಹತ್ತಿದ. ಶುಕ್ರವಾರ; ನಾನು ದೇವರ ಗೂಡು ಒರೆಸುತ್ತಿದ್ದೆ. ನಮ್ಮವರ ಪಟದ ಹಿಂದೆ ಕೈಗೆ ಏನೋ ಬೆಚ್ಚಗೆ ತಗುಲಿತು. ನೋಡಿದರೆ ಅವರ ಹಳೆಯ ಫೋನು! ಯಾರೋ ಚಾರ್ಜಿಗೆ ಹಾಕಿಟ್ಟಿದ್ದಾರೆ. ಮಾತಾಡುವವರೇ ಇಲ್ಲದ ಫೋನಿಗೆ ಕರೆಂಟು ಯಾಕೆ? ವೈರು ಕಿತ್ತು, ಆರಿಸಿ ಇಟ್ಟೆ.

ತಕ್ಷಣ ನನ್ನ ಫೋನು ಹೊಡೆದುಕೊಂಡಿತು.

"ಅತ್ತೆ, ಮಾವನ್ನ ಏನು ಮಾಡಿದ್ರಿ?"

"ನಾನೇನು ಮಾಡ್ದೆ? ಅವರು ಹೋಗಿ ವರ್ಷ ಆಗ್ತಾ ಬಂತು!"

"ಗೊತ್ತು ಅತ್ತೆ. ಕೆಂಪಾಗ್ಬಿಟ್ರು. ಇಲ್ಲಿ ಮುದಲಾಳಿ ಎದುರಿಗೆ ಕೂಗ್ತಾ ಇದೆ."

ಮನೆಯವರನ್ನು ಹಾಕಿದ್ದ ಪರದೆಯಲ್ಲೇ ಕಂಪನಿಯದನ್ನೂ ತೋರಿಸಲು ಹೋಗಿದ್ದ, ಜಾಣ! ಹಿಂದಿನಿಂದ ಮುದಲಾಳಿ ತಮಿಳಿನಲ್ಲಿ ಕೇಳುವುದು ಕಿವಿಗೆ ಬಿತ್ತು. ಎಲ್ಲವೂ ಹಸಿರಾಗಿವೆಯಲ್ಲ, ಈ ಕೆಂಪು ಯಾವ ಯಂತ್ರ?

"ನಮ್ಮ ಮಾವ, ಸಾರ್."

"ಎಲ್ಲಿದ್ದಾರೆ?"

"ಇಲ್ಲ ಸಾರ್. ತೀರಿಕೊಂಡ್ರು."

ಕೆಲಸ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಮುದಲಾಳಿಯ ದನಿ ಹೇಳಿತು: ನಿಂತದ್ದು ಆ ಕ್ಷಣವೇ ಗೊತ್ತಾಯಿತಲ್ಲ, ನನಗೆ ಬೇಕಾದ್ದು ಅಷ್ಟೆ. ಮೊದಲು ಅವರನ್ನು ಚಾರ್ಜಿಗೆ ಹಾಕಿಸು.

ಹಾಕಿದೆ. ಕೆಲಸ ಉಳಿಯಿತು.

ಸಂಜೆ ಬಂದವನನ್ನು ಕಾಫಿ ಕೊಡುವ ಮೊದಲೇ ಹಿಡಿದೆ. "ಹೋದವ್ರು ತಾನಾಗಿ ಅಳಿಸಿಹೋಗ್ತಾರೆ ಅಂದ್ರಲ್ಲ ಮಾಪ್ಳೆ? ಅವರು ಮಾತ್ರ ಹೆಂಗೆ ಉಳಿದ್ರು?"

ಅವನು ಮಗ್ಗ ಇದ್ದ ಗೋಡೆಯನ್ನು ನೋಡುತ್ತ ನಿಂತ. "ಮಾವ ತಾನಾಗಿ ಸಿಕ್ಕಿದ್ದಲ್ಲ ಅತ್ತೆ. ಅವರೊಬ್ರ ಹೆಸರನ್ನ ಮಾತ್ರ ನಾನೇ ಕೈಯಾರೆ ಬರ್ದೆ. ಬರ್ದದ್ದು ಅಳಿಸಿಹೋಗಲ್ಲ."

ಬರೆಯುವುದೇ ಬೇಡ ಎಂದು ಕುಣಿದವನು!

ಕರೆಂಟ್ ಬಿಲ್ಲು ನೀವೇ ಕಟ್ಟಿ ಎಂದು ಹೇಳಿ ಒಳಗೆ ಹೋದೆ. ಈಗ ದಿನಾ ದೀಪ ಹಚ್ಚಿದ ಮೇಲೆ ಪಟದ ಹಿಂದೆ ಕೈ ಹಾಕಿ ಆ ವೈರನ್ನು ಒಮ್ಮೆ ಒತ್ತಿ ನೋಡುತ್ತೇನೆ. ಅವನ ಕೆಲಸ ಉಳಿಯಲಿ ಎಂದು. ಮತ್ತೇನಿಲ್ಲ.