ನೆಟ್ಟಿನ ಗಿರಾಕಿಯೂ ನನ್ನ ಎಡಗೈಯೂ

ನನಗೆ ಒಂದು ಕಡೆ ಕೂತು ಕಾಯುವುದು ಬರುವುದಿಲ್ಲ. ಹಾಲು ಉಕ್ಕುವವರೆಗೆ ಒಲೆ ಮುಂದೆ ನಿಲ್ಲಲಾರೆ, ಬಸ್ಸು ಬರುವವರೆಗೆ ಕಟ್ಟೆ ಮೇಲೆ ಕೂರಲಾರೆ. "ಇಕಿ ಸತ್ತ ಮ್ಯಾಲೂ ಎದ್ದೆದ್ದು ನೋಡ್ತಾಳ, ಮಣ್ಣಿಗೆ ಯಾರ್ಯಾರು ಬಂದಾರಂತ" ಎಂದು ನನ್ನ ಗಂಡ ಅನ್ನುತ್ತಿದ್ದ. ಅವನೇ ಮೊದಲು ಹೋದ. ಯಾರು ಬಂದಿದ್ದರೆಂದು ಎದ್ದು ನೋಡಲಿಲ್ಲ. ನೋಡಿದ್ದರೆ ಅವನ ತಮ್ಮ ಬಂದಿರಲಿಲ್ಲ ಎಂದು ಗೊತ್ತಾಗುತ್ತಿತ್ತು.

ಇಂಥ ನಾನು ಜೀವಮಾನದಲ್ಲಿ ಕೂತು ಮಾಡಿದ ಕೆಲಸ ಒಂದೇ, ಕೊಂಡಿ ಹಾಕುವುದು. ನಮ್ಮ ಇಳಕಲ್ ಸೀರೆಯ ಒಡಲು ಹತ್ತಿಯ ನೂಲು, ಸೆರಗು ರೇಷ್ಮೆ. ಮಗ್ಗದ ಮೇಲೆ ಎರಡರ ಎಳೆಗಳನ್ನೂ ಕುಣಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸಬೇಕು. ಸಾವಿರಾರು ಎಳೆ. ಗಂಟು ಮಾತ್ರ ಹಾಕಬಾರದು. ಗಂಟು ಹಾಕುವುದು ದನ ಕಟ್ಟುವವರ ಕೆಲಸ. ನಾನು ರೊಡ್ಡಿ, ಅಂದರೆ ಎಡಗೈಯವಳು. ಅತ್ತೆ ಆ ಕೈಗೆ ಎಷ್ಟು ಬಾರಿಸಿದರೂ ಬಲಗೈ ಕಲಿಯಲಿಲ್ಲ. ಹಾಗಾಗಿ ಎಲ್ಲರ ಕೊಂಡಿ ಬಲಕ್ಕೆ ಹೊರಳಿದರೆ ನನ್ನದು ಎಡಕ್ಕೆ. ನೂರು ಸೀರೆ ರಾಶಿ ಹಾಕಿದರೂ ನನ್ನದನ್ನು ಬೆರಳು ಸವರಿ ಹೇಳಬಲ್ಲೆ. ಸಾಲಿಯಲ್ಲಿ ಎರಡನೇ ಇಯತ್ತೆ ದಾಟದವಳಿಗೆ ಇದೇ ಸಹಿ.

ನಮ್ಮ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇದೆ. ಅದಕ್ಕೊಂದು ಪದ್ಧತಿಯಿದೆ. ಗಿರಾಕಿಯನ್ನು ಹೊಸ್ತಿಲ ಮೇಲೆ ನಿಲ್ಲಿಸಿ ವ್ಯವಹಾರ ಮಾಡಬಾರದು. ಜಗಳಕ್ಕೆ ಬಂದವಳಾದರೂ ಒಳಗೆ ಕರೆದು, ಕೂರಿಸಿ, ಚಹಾ ಕೊಟ್ಟು, ಆಮೇಲೆ ಸೀರೆ ಹರವಬೇಕು. ಚಹಾ ಕುಡಿದವಳು ಅರ್ಧ ಜಗಳವನ್ನು ಬಸಿಯಲ್ಲಿಯೇ ಬಿಟ್ಟಿರುತ್ತಾಳೆ. ಇನ್ನರ್ಧಕ್ಕೆ ನನ್ನ ಬಾಯಿ ಸಾಕು.

ಹೀಗಿರುವಾಗ ನನ್ನ ಮೊಮ್ಮಗಳು ಸವಿತಾ, ಬಿ.ಕಾಂ. ಓದುವವಳು, ಅಂಗಡಿಯನ್ನು ನೆಟ್ಟಿಗೆ ಹಾಕಿದಳು. ಎಲ್ಲರೂ ಗೆಳೆಯರಾಗುವ ಅದ್ಯಾವುದೋ ಜಾಗವಂತೆ, ಅದರ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ನೆಟ್ ಸೆಂಟರಿಗೆ ಹೋಗಿ ಸೀರೆಗಳ ಫೋಟೋ ಏರಿಸುವುದು, ಊರೂರಿನ ಹೆಂಗಸರು ಕೇಳಿದ್ದಕ್ಕೆ ಉತ್ತರ ಬರೆಯುವುದು ಅವಳ ಕೆಲಸ.

"ಅವರು ಎಲ್ಲಿ ಕೂಡ್ತಾರ?" ಎಂದು ನಾನು ಕೇಳಿದೆ.

"ಅವರವರ ಮನ್ಯಾಗ ಕೂಡ್ತಾರಾಯಿ."

"ಮತ್ತ ಚಹಾ?"

"ಅವರ ಚಹಾ ಅವರ ಕುಡೀತಾರ."

ಅಂದರೆ ಇಡೀ ದೇಶವನ್ನು ಹೊಸ್ತಿಲ ಮೇಲೆ ನಿಲ್ಲಿಸಿ ವ್ಯಾಪಾರ. ಇದು ಒಳ್ಳೆಯದಕ್ಕಲ್ಲ ಎಂದೆ. ನನ್ನ ಮಗ ಮಲ್ಲಪ್ಪ, "ಅವ್ವಾ, ಬದಾಮಿ ಗುಡಿ ನೋಡಾಕ ಬಂದವರು ಇಲ್ಲಿ ತನಕ ಬರೂದಿಲ್ಲ. ನಾವ ಹೋಗಬೇಕು" ಎಂದ. ಅವನು ಮಗಳ ಮಾತನ್ನೇ ತನ್ನದೆಂದು ಹೇಳುವ ಪೈಕಿ.

ಆಮೇಲೊಂದು ಮುಂಜಾನೆ ಸವಿತಾ ಮುಖ ಸಣ್ಣದು ಮಾಡಿಕೊಂಡು ಬಂದಳು. ಮೈಸೂರಿನ ಒಬ್ಬ ಹೆಂಗಸು ನಮ್ಮಲ್ಲಿ ದಾಳಿಂಬೆ ಬಣ್ಣದ ಸೀರೆ ತರಿಸಿಕೊಂಡಿದ್ದಳು. ಅವಳು ಎಲ್ಲರೂ ಓದುವ ಹಾಗೆ ನಮ್ಮ ಪುಟದ ಮೇಲೆ ಬರೆದಿದ್ದಳು. ಸವಿತಾ ಚೀಟಿಯಲ್ಲಿ ಇಳಿಸಿಕೊಂಡು ಬಂದಿದ್ದನ್ನು ಓದಿದಳು: "ಸೀರೆ ಸೆರಗಿನ ಹತ್ತಿರ ಹರಿದಿದೆ. ಗಂಟು ಹಾಕಿ ಜೋಡಿಸಿ ಮಾರಿದ್ದಾರೆ. ಎಲ್ಲರೂ ಹುಷಾರಾಗಿರಿ."

ಗಂಟು! ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಳಗೆ ಹೋದೆ, ಹೊರಗೆ ಬಂದೆ, ಹಿತ್ತಲಿಗೆ ಹೋಗಿ ಒಣಗದ ಬಟ್ಟೆ ತೆಗೆದುಕೊಂಡು ಬಂದೆ. ನಮ್ಮ ಮಗ್ಗದ ಸೀರೆಗೆಲ್ಲ ಕೊಂಡಿ ಹಾಕುವವಳು ನಾನು. ಆ ಮೈಸೂರಿನವಳು ಕೊಂಡಿಯನ್ನು ಕಂಡವಳಲ್ಲ, ಹರಿದದ್ದೆಂದು ತಿಳಿದಿದ್ದಾಳೆ, ಅದು ಸರಿ. ಆದರೆ ಊರ ಮುಂದೆ ಕೂಗಬೇಕೆ? ಸಂಜೆಯೊಳಗೆ ಹುನಗುಂದದಿಂದ ಫೋನು ಬಂತು. ಮಗಳ ಮದುವೆಗೆ ಹನ್ನೊಂದು ಸೀರೆ ಹೇಳಿದ್ದವರು. ಅವರ ಮಗಳೂ ನೆಟ್ಟಿನಲ್ಲಿ ಓದಿದ್ದಳಂತೆ. "ಸ್ವಲ್ಪ ನೋಡಿ ಹೇಳ್ತೇವ್ರಿ" ಎಂದರು. ನಲವತ್ತು ವರ್ಷದಲ್ಲಿ ನನ್ನ ಕೊಂಡಿಯನ್ನು ಯಾರೂ ನೋಡಿ ಹೇಳಿರಲಿಲ್ಲ.

ಮಲ್ಲಪ್ಪ ತಲೆ ಕೆರೆದುಕೊಂಡು, "ಈ ನೆಟ್ಟು ಬಂದ್ ಮಾಡಿಬಿಡು" ಎಂದ. ಸವಿತಾ ಅಳುವ ಹಾಗಾದಳು. ಮರುದಿನ ನಾನೇ ಅವಳ ಜೊತೆ ಹೊರಟೆ. ಸೆಂಟರಿನ ಬಾಗಿಲು ಮುಟ್ಟುವಷ್ಟರಲ್ಲಿ ಕರೆಂಟು ಹೋಯಿತು. ಒಂದು ತಾಸು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಏಳುವುದು, ಕೂರುವುದು ಮಾಡಿದೆ. ನೆಟ್ ಸೆಂಟರಿನವನು, "ಅಮ್ಮಾರ, ಕುರ್ಚಿ ಕಾಲು ಮುರೀತೈತ್ರಿ" ಎಂದ. "ಮುರೀಲಿ, ಗಂಟು ಹಾಕಿ ಜೋಡಿಸು" ಎಂದೆ. ಪಾಪ, ಅವನಿಗೇನು ತಿಳಿಯಬೇಕು.

ಕರೆಂಟು ಬಂದ ಮೇಲೆ ಸವಿತಾ ತಾನು ಬರೆದದ್ದನ್ನು ಓದಿದಳು: "ಗೌರವಾನ್ವಿತ ಗ್ರಾಹಕರೇ, ತಮಗೆ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

"ಇದು ಬಾಗಲಕೋಟಿ ಬಸ್‌ಸ್ಟ್ಯಾಂಡನ್ಯಾಗ ಮೈಕಿನ್ಯಾಗ ಬರೂ ಮಾತು," ಎಂದೆ. "ಬಸ್ಸೂ ಬರೂದಿಲ್ಲ, ವಿಷಾದಿಸಾವ ಯಾರಂತನೂ ಕಾಣೂದಿಲ್ಲ. ತಗಿ ಅದನ್ನ. ನಾ ಹೇಳಿದ್ದು ಬರಿ."

"ಆಯಿ, ಗಿರಾಕಿಗೆ ಹಂಗೆಲ್ಲಾ ಬರೀಬಾರದು."

"ಗಿರಾಕಿ ನನಗ ಹಂಗೆಲ್ಲಾ ಬರೀಬಹುದು?"

ಬರೆಸಿದೆ. "ತಂಗಿ, ಅದು ಹರಿದಿದ್ದಲ್ಲ, ಕೊಂಡಿ. ಈ ಸೀರಿ ಹಿಂಗ ಹುಟ್ಟತೈತಿ. ಹಾಕಿದಾಕಿ ನಾನು, ಮುದುಕಿ. ಕೊಂಡ್ಯಾಗ ಒಂದು ಗಂಟು ಸಿಕ್ಕರ ನನ್ನ ಎಡಗೈ ಕತ್ತರಿಸಿ ಕೊಡ್ತೇನಿ. ಸೀರಿ ಕಳಿಸು. ನೋಡಿ ಎಲ್ಲರ ಮುಂದ ಹೇಳ್ತೇನಿ." ಸವಿತಾ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದಳು.

ಅಂಗಡಿ ಮುಚ್ಚುತ್ತದೆ ಅಂದುಕೊಂಡರೆ ಆದದ್ದೇ ಬೇರೆ. ಜನಕ್ಕೆ ಅದು ಭಾಳ ಸೇರಿತು. ಯಾರ್ಯಾರೋ ಬರೆದರು: "ಈ ಆಯಿ ಯಾರ್ರಿ?" "ಆಯಿಯ ಕೊಂಡಿಯ ಸೀರೆಯೇ ಬೇಕು." ಕೊಂಡಿ ಹಾಕುವಾಗ ನನ್ನ ಕೈಯ ಫೋಟೋ ತೆಗೆದು ಸವಿತಾ ಅದನ್ನೂ ಏರಿಸಿದಳು. ಮುಖದ್ದು ಬೇಡವಾಯಿತಂತೆ. ಹುನಗುಂದದವರು ಫೋನು ಮಾಡಿ, "ಹನ್ನೊಂದಕ್ಕೂ ಆಯಿನ ಕೊಂಡಿ ಹಾಕಬೇಕ್ರಿ" ಎಂದರು. ಮಲ್ಲಪ್ಪ ಓಣಿಯಲ್ಲಿ, "ನಾ ಮೊದಲ ಹೇಳಿದ್ದೆ, ನೆಟ್ಟು ಚೊಲೊ ಅಂತ" ಎನ್ನುತ್ತ ತಿರುಗಿದ. ನನಗೂ ಸ್ವಲ್ಪ ಏರಿತು ಅನ್ನಿ. ಕಾಯಿಪಲ್ಯೆ ಕೊಳ್ಳುವಾಗಲೂ ಎಡಗೈಯನ್ನೇ ಮುಂದೆ ಮಾಡತೊಡಗಿದೆ.

ಅಷ್ಟರಲ್ಲಿ ಮೈಸೂರಿನಿಂದ ಕೊರಿಯರಿನಲ್ಲಿ ಸೀರೆ ಬಂತು. ಮಲ್ಲಪ್ಪ ಹೊರಗೆ ಹೋಗಿದ್ದ, ಸವಿತಾ ಕಾಲೇಜಿನಲ್ಲಿದ್ದಳು. ಒಬ್ಬಳೇ ಬಿಚ್ಚಿದೆ. ಬೆರಳು ಸವರಿದೆ. ಕೊಂಡಿ ಎಡಕ್ಕೆ ಹೊರಳಿತ್ತು, ನನ್ನದೇ. ಬೆಳಕಿಗೆ ಹಿಡಿದು ನೋಡುತ್ತ ಹೋದೆ. ಅಂಚಿನ ಹತ್ತಿರ ಬಂದಾಗ ಬೆರಳಿಗೆ ಏನೋ ತಡೆಯಿತು. ಒಂದು ಗೇಣಿನಷ್ಟು ಉದ್ದ, ಸಾಸಿವೆ ಕಾಳಿನ ಸಾಲಿನ ಹಾಗೆ, ಗಂಟುಗಳು.

ಕೂಡಲೇ ನೆನಪಾಯಿತು. ಆವತ್ತು ಶಿರೂರಿನಿಂದ ನನ್ನ ನಾದಿನಿ ಬಂದಿದ್ದಳು. ಅವಳ ಸೊಸೆ ಬೇರೆ ಒಲೆ ಹೂಡಿದ ಸುದ್ದಿ ಹೇಳುತ್ತ ಕೂತಿದ್ದಳು. ಕೇಳುವ ಭರದಲ್ಲಿ ಕೈ ಜಗ್ಗಿ, ಗೇಣಗಲದ ಎಳೆ ಪಟಪಟ ಹರಿದವು. ಬಿಚ್ಚಿ ಹೊಸದಾಗಿ ಕೊಂಡಿ ಹಾಕಬೇಕಿತ್ತು. ಹಾಕಲು ಕೂತರೆ ಸೊಸೆ ಬೀಸುಕಲ್ಲು ಒಯ್ದಳೋ ಬಿಟ್ಟಳೋ ತಿಳಿಯುತ್ತಿರಲಿಲ್ಲ. ಯಾರು ನೋಡುತ್ತಾರೆ ಎಂದು ಗಂಟು ಹಾಕಿದೆ. ಬೀಸುಕಲ್ಲು ಒಯ್ದಿದ್ದಳು.

ಸೀರೆಯನ್ನು ಮಡಚಿದೆ. ಬಿಚ್ಚಿದೆ. ಟ್ರಂಕಿನಲ್ಲಿಟ್ಟೆ, ತೆಗೆದೆ. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಹೆಂಗಸಿಗೆ ಹೊಸ ಸೀರೆ ಕಳಿಸಿದರೆ ಮುಗಿಯಿತು. ಆದರೆ ಈ ಮನೆಯಲ್ಲಿ ಗಂಟಿಗೆ ಬೈಯುವವಳು ನಾನೊಬ್ಬಳೇ. ನಾನೇ ಸುಮ್ಮನಾದರೆ ಹುನಗುಂದದ ಹನ್ನೊಂದು ಸೀರೆಯೂ ಗಂಟೇ.

ಸವಿತಾ ಬಂದವಳೇ, "ಏನ ಬರೀಲಿ ಆಯಿ? ಎಲ್ಲಾರೂ ಕಾಯಾಕತ್ತಾರ" ಎಂದಳು.

"ಅದೇನ ಬರದಿದ್ದೆಲ್ಲ ಮೊದಲ, ವಿಷಾದ ಗಿಷಾದ, ಅದು ಭಾಳ ಚೊಲೊ ಇತ್ತು. ಅದನ್ನ ಹಾಕು."

ಅವಳು ನನ್ನ ಮುಖ ನೋಡಿದಳು. ಸೀರೆ ನೋಡಿದಳು. ಅಂಚಿನ ಮೇಲೆ ಬೆರಳಾಡಿಸಿದಳು. ನಾನೇ ಕಲಿಸಿದ ಬೆರಳು. ನಗಲಿಲ್ಲ, ಅದೇ ಹೆಚ್ಚು.

"ಅದು ಬಸ್‌ಸ್ಟ್ಯಾಂಡಿನ ಮಾತಾಯಿ," ಎಂದಳು. "ಮಾತಾಡಾಕಿ ಯಾರಂತ ಕಾಣೂದಿಲ್ಲ."

ಇದಕ್ಕೇ ಹುಡುಗಿಯರನ್ನು ಓದಿಸಬಾರದು ಎನ್ನುತ್ತಿದ್ದಳು ನಮ್ಮತ್ತೆ. ಕಡೆಗೆ ನೆಟ್ ಸೆಂಟರಿಗೆ ಹೋಗಿ, ಈ ಸಲ ನಿಂತೇ, ಬರೆಸಿದೆ: "ತಂಗಿ, ಗಂಟು ನನ್ನವು. ಹೊಸ ಸೀರಿ ಕಳಿಸೇನಿ. ಕೈ ಕೊರಿಯರನ್ಯಾಗ ಹೋಗೂದಿಲ್ಲಂತ. ಬೇಕಾದ್ರ ಇಳಕಲ್ಲಿಗೆ ಬಂದು ಒಯ್ಯಿ. ಒಳಗ ಬಾ, ಕೂಡು, ಚಹಾ ಕುಡಿ, ಆಮ್ಯಾಲ ಮಾತಾಡೂಣು."

ನಾಕು ದಿನವಾಯಿತು. ಅವಳಿಂದ ಉತ್ತರವಿಲ್ಲ. ಸವಿತಾ ದಿನಾ ಹೋಗಿ ನೋಡಿ ಬರುತ್ತಾಳೆ, ನಾನು ದಿನಾ ಬಾಗಿಲಿಗೆ ಬಂದು ಅವಳ ದಾರಿ ನೋಡುತ್ತೇನೆ. ಹುನಗುಂದದ ಕೊಂಡಿ ಹಾಕುತ್ತಿದ್ದೇನೆ; ನಾದಿನಿಗೆ ಸದ್ಯ ಬರಬೇಡವೆಂದು ಹೇಳಿ ಕಳಿಸಿದ್ದೇನೆ. ಆದರೂ ಮೋಟಾರು ನಿಂತ ಸಪ್ಪಳಾದರೆ, ಹೊಸ್ತಿಲಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಕಂಡರೆ, "ಬರ್ರಿ, ಒಳಗ ಬರ್ರಿ" ಎಂದು ಬಾಯಿ ತಾನಾಗಿಯೇ ಕರೆಯುತ್ತದೆ. ಎಡಗೈ ಮಾತ್ರ ಸೆರಗಿನೊಳಗೆ ಹೋಗಿಬಿಡುತ್ತದೆ.