ಎಂಟರ ಕೆಳಗಿನ ಚಳಿ

ಶನಿವಾರ ಮುಂಜಾನೆ ಹಲ್ಲುಜ್ಜುವ ಮೊದಲೇ ಪ್ರಾಣೇಶ ಊರಿಗೆಲ್ಲ ಒಂದು ಮಾತು ಕೊಟ್ಟುಬಿಟ್ಟ. ಹಾಸಿಗೆಯಲ್ಲೇ ಎದ್ದು ಕೂತು, ಮೊಬೈಲು ತೆಗೆದು, 'ಥಂಡಿ ಬಳಗ' ಎಂಬ ವಾಟ್ಸಾಪ್ ಗುಂಪಿಗೆ ಹೀಗೆ ಬರೆದ: "ನಾಳೆ ರವಿವಾರ ಸೂರ್ಯೋದಯಕ್ಕೆ ಮೊದಲು ಹಾವೇರಿಯಲ್ಲಿ ಉಷ್ಣತೆ ಎಂಟು ಡಿಗ್ರಿಯ ಕೆಳಗೆ ಇಳಿಯುತ್ತದೆ. ಇಳಿಯದಿದ್ದರೆ ನನ್ನ ಮಾಳಿಗೆಯ ಮೇಲಿನ ಪೆಟ್ಟಿಗೆಯನ್ನು ನಾನೇ ಕಿತ್ತು ಹಾಕುತ್ತೇನೆ." ಮೊದಲನೆಯ ವಾಕ್ಯಕ್ಕೇ ನಿಲ್ಲಿಸಬಹುದಿತ್ತು. ಹುಮ್ಮಸ್ಸಿನಲ್ಲಿದ್ದ, ನಿಲ್ಲಿಸಲಿಲ್ಲ.

ಥಂಡಿ ಬಳಗವೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಡೆಯ ಒಂದಷ್ಟು ಜನ. ಉಳಿದವರು ಮಳೆಗಾಗಿ ಕಾದರೆ ಇವರು ಚಳಿಗಾಗಿ ಕಾಯುತ್ತಾರೆ. ದಸರೆ ಮುಗಿಯುತ್ತಲೇ ಸಂಕ್ರಾಂತಿಯ ತನಕದ ಮುನ್ಸೂಚನೆಗಳನ್ನೆಲ್ಲ ತೆಗೆದು ಓದುತ್ತಾರೆ, ಕಾಶ್ಮೀರದಲ್ಲಿ ಹಿಮ ಬಿದ್ದ ಚಿತ್ರ ಕಳಿಸಿಕೊಂಡು ನಿಟ್ಟುಸಿರು ಬಿಡುತ್ತಾರೆ. ನಮ್ಮ ಸೀಮೆಯ ಚಳಿಯೋ, ಸ್ವೆಟರು ಹುಡುಕಿ ತೆಗೆಯುವುದರೊಳಗೆ ಮುಗಿದಿರುತ್ತದೆ. ಆದರೂ ಇವರ ಭಕ್ತಿ ಕಡಿಮೆಯಾಗಿಲ್ಲ. ಇದನ್ನು ನಗುವ ವಿಷಯವೆಂದು ಯಾರೂ ತಿಳಿಯಬಾರದು, ಬಳಗದವರು ನಗುವುದಿಲ್ಲ.

ಪ್ರಾಣೇಶ ಹಾವೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅವನ ಜೀವವೆಲ್ಲ ಇದ್ದದ್ದು ಮಾಳಿಗೆಯ ನಟ್ಟನಡುವೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಬಣ್ಣದ ಕಟ್ಟಿಗೆ ಪೆಟ್ಟಿಗೆಯಲ್ಲಿ. ಅದರ ನಾಲ್ಕೂ ಬದಿಗೆ ಗಾಳಿಯಾಡಲು ಸಂದು, ಒಳಗೆ ಪಾದರಸದ ಥರ್ಮಾಮೀಟರು. ಕನಿಷ್ಠ ಉಷ್ಣತೆಯನ್ನು ತಾನೇ ನೆನಪಿಡುವ ಯಂತ್ರವೂ ಒಂದಿತ್ತು. ಅದನ್ನು ಶ್ರಾವಣದಲ್ಲಿ ಮಂಗ ಎತ್ತಿಕೊಂಡು ಹೋಗಿ, ನೀರಿನ ಟಾಕಿಯ ಮೇಲೆ ಕೂತು ಕಚ್ಚಿ ನೋಡಿ, ರುಚಿಯಿಲ್ಲವೆಂದು ಗಟಾರಕ್ಕೆ ಎಸೆದಿತ್ತು. ಪೆಟ್ಟಿಗೆಯ ಸುತ್ತ ಯಾರೂ ಏನೂ ಇಡುವಂತಿಲ್ಲ, ಬಟ್ಟೆ ಹರವುವಂತಿಲ್ಲ. ಇಟ್ಟರೆ ಲೆಕ್ಕ ಕೆಡುತ್ತದೆ.

ಲೆಕ್ಕ ಕೆಡದಿದ್ದರೂ ಸಂಸಾರ ಕೆಡುವಂತಿತ್ತು. ಹೆಂಡತಿ ಪದ್ಮಜಾ, ಪಕ್ಕದ ಮನೆಯ ಸಕೀನಾಬಿಯ ಜೊತೆ ಸೇರಿ ಖಾರದ ಪುಡಿ ಮಾಡಿ ಮಾರತೊಡಗಿದ್ದಳು. ಬ್ಯಾಡಗಿ ಮೆಣಸಿನಕಾಯಿ ಚೆನ್ನಾಗಿ ಒಣಗಬೇಕು. ಓಣಿಯಲ್ಲೇ ಒಳ್ಳೆಯ ಬಿಸಿಲು ಬೀಳುವ ಮಾಳಿಗೆ ಇವರದು, ಅದರ ನಡುವೆ ಈ ಪೆಟ್ಟಿಗೆ. ಮೆಣಸಿನಕಾಯಿ ಸಕೀನಾಬಿಯ ಇಕ್ಕಟ್ಟಿನ ಅಂಗಳದಲ್ಲಿ ಕೋಳಿಗಳ ಕಾಲಡಿ ಒಣಗುತ್ತಿತ್ತು. ಪದ್ಮಜಾ ಜಗಳವಾಡಿರಲಿಲ್ಲ, ಕಾಯುತ್ತಿದ್ದಳು.

ಚಹಾದ ಹೊತ್ತಿಗೆ ಎದುರು ಮನೆಯ ಬಾಳಕೃಷ್ಣರಾಯರು ಬಂದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಿವೃತ್ತಿ ಆಗಿದ್ದು ಅವರಿಗಷ್ಟೇ, ಅವರೊಳಗಿನ ಕೋರ್ಟು ಇನ್ನೂ ನಡೆದಿತ್ತು. ಅವರೂ ಬಳಗದವರೇ.

"ಪ್ರಾಣೇಶಾ, ಬರದದ್ದು ಖರೇ ಏನು?"

"ಖರೇರಿ ರಾಯರ. ಯುರೋಪಿನವರ ಹವಾಮಾನದ ಲೆಕ್ಕ, ಅಮೆರಿಕಾದವರ ಲೆಕ್ಕ ಎರಡೂ ಹೊಂದ್ಯಾವ. ಆಕಾಶ ಸ್ವಚ್ಛ ಇರ್ತದ, ಒಣಗಾಳಿ ಬೀಸ್ತದ."

"ಅದಲ್ಲೋ ಮಾರಾಯಾ. ಪೆಟ್ಟಿಗಿ ಕೀಳೋದು."

ಚಹಾದ ಬಟ್ಟಲು ಹಿಡಿದು ಬಂದ ಪದ್ಮಜಾ ಬಾಗಿಲಲ್ಲೇ ನಿಂತಳು. "ಪೆಟ್ಟಿಗಿ ಕೀಳ್ತೀರಾ? ಯಾವಾಗ್ರೀ?" ಆ ದನಿಯಲ್ಲಿದ್ದ ಆಸೆ ಪ್ರಾಣೇಶನಿಗೆ ಚೆನ್ನಾಗಿಯೇ ಕೇಳಿಸಿತು.

"ಎಂಟರ ಕೆಳಗ ಇಳೀಲಿಲ್ಲಂದ್ರ," ಎಂದ.

"ಇಳದ್ರ?"

"ಇಳದ್ರ ನೀ ಮತ್ತ ಪೆಟ್ಟಿಗಿ ಸುದ್ದಿ ತಗೀಬಾರದು."

"ಆತು. ರಾಯರ, ನೀವ ಸಾಕ್ಷಿ," ಎಂದು ಪದ್ಮಜಾ ಅವರಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಪ್ರಾಣೇಶನ ಕೈ ಬಿಟ್ಟು ಹೋಗಿತ್ತು. ಬ್ಯಾಡಗಿಗೆ ಮುಟ್ಟುವಾಗ ಎಂಟು ಡಿಗ್ರಿ ಹೋಗಿ ನಾಲ್ಕಾಗಿತ್ತು, ಕಾಗಿನೆಲೆಗೆ ಮುಟ್ಟುವಾಗ ಸೊನ್ನೆ. ರಾಣೆಬೆನ್ನೂರಿಗೆ ಮುಟ್ಟುವಾಗ ಹಿಮವೇ ಆಗಿತ್ತು. ಪದ್ಮಜಾಳ ತಂಗಿ ಶ್ರದ್ಧಾ ಅಲ್ಲಿಂದ ಫೋನು ಮಾಡಿ, ಹಿಮ ಮುಂಜಾನೆ ಎಷ್ಟೊತ್ತಿಗೆ ಶುರುವಾಗುತ್ತದೆ, ಮೊದಲ ಬಸ್ಸಿಗೆ ಬಂದರೆ ಸಿಗುತ್ತದೆಯೇ ಎಂದು ಕೇಳಿದಳು. ಹಿಮ ಬೀಳುವುದಿಲ್ಲವೆಂದು ಪ್ರಾಣೇಶ ಹೇಳಿದ್ದಕ್ಕೆ, "ನಮ್ಮನ್ನ ಕರೀಲಿಕ್ಕೆ ಮನಸ್ಸಿಲ್ಲಂದ್ರ ಹಂಗ ಹೇಳ್ರಿ ಭಾವಾ," ಎಂದು ಸಿಟ್ಟಾದಳು. ಕಚೇರಿಯ ಸಾಹೇಬರು ಅವನನ್ನು ಒಳಗೆ ಕರೆದು, ಸೋಮವಾರ ಹಿಮದ ಸಲುವಾಗಿ ರಜೆ ಕೇಳಿದವರ ಅರ್ಜಿಗಳನ್ನು ಅವನ ಮುಂದೆ ಸರಿಸಿ ಬಾಗಿಲು ತೋರಿಸಿದರು.

ಸಂಜೆ ಬಳಗದ ಕಡೆಯಿಂದ ಇನ್ನಿಬ್ಬರು ಸಾಕ್ಷಿಗಳು ಬಂದಿಳಿದರು. ಮೇಡ್ಲೇರಿಯ ರೈತ ರುದ್ರಮುನಿ ಹೆಗಲ ಮೇಲೆ ಕಂಬಳಿ ಹೊತ್ತು ಬಂದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟ ಚೇತನಕುಮಾರ ಹೊಸ ಮಂಗನಟೊಪ್ಪಿಗೆ ಹಾಕಿಕೊಂಡು ಬಂದ. ಇಬ್ಬರ ಮನೆಯಲ್ಲೂ ಥರ್ಮಾಮೀಟರು ಇದ್ದವು. ಆದರೆ ನೋಡುವವರೇ ಇಲ್ಲಿಗೆ ಬಂದದ್ದರಿಂದ ಆ ರಾತ್ರಿಯ ಮಟ್ಟಿಗೆ ಜಿಲ್ಲೆಯ ಚಳಿಗೆಲ್ಲ ಪ್ರಾಣೇಶನ ಪೆಟ್ಟಿಗೆಯೇ ಗತಿಯಾಯಿತು.

"ಒಂದು ಫೋಟೋ ಹಾಕಿದ್ರ ಸಾಲ್ತಿತ್ತಲ್ರಿ, ಇಷ್ಟು ದೂರ ಯಾಕ ಬಂದ್ರಿ?" ಎಂದು ಪದ್ಮಜಾ ಕೇಳಿದಳು.

"ಫೋಟೋ ನಡ್ಯಂಗಿಲ್ರಿ ಅಕ್ಕಾರ," ಎಂದ ರುದ್ರಮುನಿ. "ಹೋದ ವರ್ಷ ಒಬ್ಬಾಂವ ಆರು ಡಿಗ್ರಿ ಅಂತ ಫೋಟೋ ಹಾಕಿದ್ದ. ಹಿಂದ ಬದನಿಕಾಯಿ ಕಾಣಾಕತ್ತಿದ್ವು. ಫ್ರಿಜ್ಜಿನ್ಯಾಗ ಇಟ್ಟು ತಗದಿದ್ದ. ಅವತ್ತಿಂದ ಕಣ್ಣಿಲೇ ನೋಡಬೇಕಂತ ಆಗೇತಿ."

ಊಟವಾದ ಮೇಲೆ ಬಾಳಕೃಷ್ಣರಾಯರು ಷರತ್ತು ಹೇಳಿದರು. ಸೂರ್ಯ ಹುಟ್ಟುವ ಮೊದಲು ಮೂವರೂ ಸಾಕ್ಷಿಗಳು ಮಾಳಿಗೆಯ ಮೇಲಿರಬೇಕು. ಪ್ರಾಣೇಶ ಮಾತ್ರ ಅಲ್ಲಿ ಕಾಲಿಡುವಂತಿಲ್ಲ.

"ನಾ ಯಾಕ ಬರಬಾರದ್ರಿ? ಪೆಟ್ಟಿಗಿ ನಂದು!"

"ಅದಕ್ಕ ಬರಬಾರದು. ನೀ ಕಕ್ಷಿದಾರ. ತೀರ್ಪು ಬರೋತನಕ ಪೆಟ್ಟಿಗಿ ಹತ್ರ ಸುಳೀಬ್ಯಾಡ. ನಾಳೆ ಒಬ್ಬರು ಒಂದು ಮಾತಾಡಬಾರದು."

ಪ್ರಾಣೇಶ ಒಪ್ಪಿದ. ಒಪ್ಪದೆ ಇನ್ನೇನು ಮಾಡುತ್ತಾನೆ?

ನಸುಕಿನಲ್ಲಿ ಮೂವರೂ ಮೇಲೆ ಹೋಗಿ ಆಚೆಯಿಂದ ಚಿಲಕ ಹಾಕಿಕೊಂಡರು. ಪ್ರಾಣೇಶ ಬರೀ ಅಂಗಿಯಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕೂತ. ಶಾಲು ಹೊದೆಯಲಿಲ್ಲ, ಚಳಿಗೆ ಅಪಮಾನವಾದೀತೆಂದು. ನೆಲ ಪಾದವನ್ನು ಕಚ್ಚುತ್ತಿತ್ತು, ಕಿವಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಾಯಿತು. ಹಲ್ಲು ಕಟಕಟನೆ ಕಡಿಯತೊಡಗಿದಾಗ ಅವನ ಕಣ್ಣಲ್ಲಿ ನೀರು ಬಂತು. ಖರೇ ಹೇಳಬೇಕೆಂದರೆ ಮದುವೆಯ ದಿನವೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ. ವರ್ಷಗಟ್ಟಲೆ ಕಾದ ಚಳಿ, ಅವನು ಹೇಳಿದ ದಿನ, ಅವನು ಹೇಳಿದ ಹೊತ್ತಿಗೆ ಅವನ ಮನೆಗೇ ಬಂದಿತ್ತು.

ನಡುವೆ ಹೊಗೆಯ ವಾಸನೆ ಬಂತು. ಪದ್ಮಜಾ ಬಚ್ಚಲ ಒಲೆ ಹೊತ್ತಿಸಿರಬೇಕು ಅಂದುಕೊಂಡ. ಅಷ್ಟರಲ್ಲಿ ಪದ್ಮಜಾ ಅಡುಗೆಮನೆಯಿಂದ ಕೂಗಿದಳು. "ರೀ, ಏನು ಸುಡ್ಲಿಕ್ಕತ್ತದ?"

ಚಿಲಕ ತೆಗೆದ ಸದ್ದಾಯಿತು. ಬಾಳಕೃಷ್ಣರಾಯರು ಮುಂದೆ, ಉಳಿದಿಬ್ಬರು ಹಿಂದೆ ಇಳಿದು ಬಂದರು. ಮೂವರ ಮುಖವೂ ಮಣ್ಣು ಕೊಟ್ಟು ಬಂದವರ ಹಾಗಿತ್ತು.

"ಪ್ರಾಣೇಶಾ, ಮನಸ್ಸು ಗಟ್ಟಿ ಮಾಡ್ಕೋ," ಎಂದರು ರಾಯರು. "ಇಪ್ಪತ್ತಾರು."

"ಏನು ಇಪ್ಪತ್ತಾರು?"

"ಡಿಗ್ರಿ."

"ಮೂರೂ ಮಂದಿ ನೋಡೀವ್ರಿ ಸರ," ಎಂದ ಚೇತನಕುಮಾರ. ಟೊಪ್ಪಿಗೆಯೊಳಗಿನ ಅವನ ತುಟಿ ನೀಲಿಯಾಗಿತ್ತು. "ಚಳಿ ಇಲ್ಲರಿ. ನಮಗೂ ಭಾಳ ಕೆಟ್ಟ ಅನಸ್ತು."

"ನಡಗ್ಲಿಕ್ಕತ್ತೀಯಲ್ಲೋ!"

"ಅದು ಬ್ಯಾರೇರಿ ಸರ. ಲೆಕ್ಕ ಅಂದ್ರ ಲೆಕ್ಕ."

ಪ್ರಾಣೇಶ ಅವರನ್ನು ತಳ್ಳಿಕೊಂಡು ಮೇಲೆ ಓಡಿದ. ಮಾಳಿಗೆಯ ನಡುವೆ, ಪೆಟ್ಟಿಗೆಯ ಬುಡಕ್ಕೇ, ಬಚ್ಚಲ ಒಲೆಗೆಂದು ಮೂಲೆಯಲ್ಲಿ ಒಟ್ಟಿದ್ದ ಹತ್ತಿಕಟ್ಟಿಗೆಯ ಬೆಂಕಿ ನಿಗಿನಿಗಿ ಉರಿಯುತ್ತಿತ್ತು. ಸುತ್ತ ಮೂರು ಇಟ್ಟಿಗೆ, ಕೂತು ಮೈ ಕಾಯಿಸಿಕೊಳ್ಳಲು. ಒಂದರ ಮೇಲೆ ರುದ್ರಮುನಿಯ ತಂಬಾಕಿನ ಚೀಲ. ಬಿಳಿ ಪೆಟ್ಟಿಗೆಯ ಹೊಟ್ಟೆ ಕಪ್ಪಾಗಿತ್ತು.

"ಇಲ್ಲೇ ಯಾಕ ಹಚ್ಚಿದ್ರೋ, ಇಲ್ಲೇ ಯಾಕ ಹಚ್ಚಿದ್ರಿ!" ಎಂದು ಅವನು ಹಣೆ ಹಣೆ ಬಡಿದುಕೊಂಡ.

"ಮತ್ತ ಎಲ್ಲಿ ಹಚ್ಚೂಣ್ರಿ?" ರುದ್ರಮುನಿಗೆ ಖರೇನೇ ಅರ್ಥವಾಗಲಿಲ್ಲ. "ಎಲ್ಲಾ ಕಡೆ ಗಾಳಿ ಹಂಗ ಕೊರ್ಯಾಕತ್ತಿತ್ತು. ಗಾಳಿಗೆ ಮರೆ ಅಂತ ಇದ್ದದ್ದು ಈ ಪೆಟ್ಟಿಗಿ ಒಂದ. ಬೆಂಕಿ ಇಲ್ದ ಈ ಥಂಡ್ಯಾಗ ಕುಂತಿದ್ರ ಸತ್ತ ಹೋಗ್ತಿದ್ವಿ."

ಈ ಕಡೆಯ ನಾಲ್ಕು ಜನ ಚಳಿಗಾಲದ ನಸುಕಿನಲ್ಲಿ ಒಂದೆಡೆ ಸೇರಿದರೆ ಐದನೆಯದಾಗಿ ಬೆಂಕಿ ಇದ್ದೇ ಇರುತ್ತದೆ. ಅದಕ್ಕೆ ಯಾರೂ ವಿಚಾರ ಮಾಡುವುದಿಲ್ಲ, ಕೈ ತಾನೇ ಹತ್ತಿಕಟ್ಟಿಗೆ ಮುರಿಯುತ್ತದೆ. ಅಷ್ಟರಲ್ಲಿ ಸೂರ್ಯ ಮೇಲೆ ಬಂದಿದ್ದ, ಚಳಿ ಇಳಿದು ಹೋಗಿತ್ತು.

ಪದ್ಮಜಾ ಹಿಂದೆಯೇ ಹತ್ತಿ ಬಂದು ಎಲ್ಲವನ್ನೂ ನೋಡಿದಳು. ಅವಳು ಗೆದ್ದಿದ್ದಳು. ಆದರೆ ಮಸಿ ಹಿಡಿದ ಪೆಟ್ಟಿಗೆಯನ್ನು ಪಂಚೆಯ ತುದಿಯಿಂದ ಒರೆಸುತ್ತ ಕೂತ ಗಂಡನನ್ನು ಕಂಡು ರಾಯರ ಕಡೆ ತಿರುಗಿದಳು. "ಹಿಂಗ ಗೆಲ್ಲೋದು ನನಗ ಬ್ಯಾಡ್ರಿ ರಾಯರ," ಎಂದಳು. "ನಾಳೆ ಇನ್ನೊಂದು ಸಲ ನೋಡ್ರಿ. ಬೆಂಕಿ ಹಚ್ಚಬ್ಯಾಡ್ರಿ ಅಷ್ಟ."

ರಾಯರು ಒಪ್ಪಿದರು. "ಮರುವಿಚಾರಣೆ ಮಾಡೂಣು. ಪ್ರಾಣೇಶಾ, ನಾಳೆ ಎಂಟರ ಕೆಳಗ ಇಳೀತದೋ ಇಲ್ಲೋ?"

ಪ್ರಾಣೇಶ ಮೊಬೈಲು ತೆರೆದ. ಯುರೋಪಿನವರ ಲೆಕ್ಕ ನೋಡಿದ, ಅಮೆರಿಕಾದವರದೂ ನೋಡಿದ. ಬಂಗಾಳ ಕೊಲ್ಲಿಯಿಂದ ಮೋಡ ಹೊರಟಿತ್ತು. ಮೋಡ ಬಂದ ರಾತ್ರಿ ಚಳಿ ಬೀಳುವುದಿಲ್ಲ. ಸುಮ್ಮನೆ 'ಇಳೀತದ' ಅಂದುಬಿಟ್ಟಿದ್ದರೆ ಇನ್ನೊಂದು ದಿನ ಆಸೆಯಿಂದಲಾದರೂ ಇರಬಹುದಿತ್ತು. ಆದರೆ ಈ ಒಂದು ವಿಷಯದಲ್ಲಿ ಅವನ ಬಾಯಲ್ಲಿ ಸುಳ್ಳು ಹೊರಡುವುದಿಲ್ಲ.

"ಇಲ್ಲರಿ," ಎಂದ. "ನಾಳೆ ಚಳಿ ಇರೂದಿಲ್ಲ. ಹದಿನೆಂಟಕ್ಕ ನಿಲ್ತದ. ಅದರ ಕೆಳಗ ಇಳಿಯೂದಿಲ್ಲ."

ಸೋಲುತ್ತೇನೆಂದು ತಾನೇ ಹೇಳುವ ಕಕ್ಷಿದಾರನನ್ನು ರಾಯರು ತಮ್ಮ ಸೇವೆಯ ಅವಧಿಯಲ್ಲೆಲ್ಲ ನೋಡಿರಲಿಲ್ಲ. ಅವರ ಮನಸ್ಸು ಕರಗಿತು. "ಹಂಗಾದ್ರ ಷರತ್ತು ಬದಲಾತು," ಎಂದರು. "ಚಳಿ ಬೀಳ್ಲಿ, ಬೀಳದಿರ್ಲಿ, ನೀ ಹೇಳಿದ್ದು ಖರೇ ಆಗ್ಬೇಕು. ನಾಳೆ ಹದಿನೆಂಟಕ್ಕ ನಿಂತ್ರ ನೀನ ಗೆದ್ದಿ. ಪದ್ಮಜಾ, ಒಪ್ಪಿಗೆ ಏನವಾ?"

"ಒಪ್ಪಿಗೀರಿ," ಎಂದಳು ಪದ್ಮಜಾ. ಪ್ರಾಣೇಶನಿಗೆ ಹೋದ ಜೀವ ಬಂದಂತಾಯಿತು. ಕಕ್ಷಿದಾರನ ಷರತ್ತು ಮಾತ್ರ ಹಾಗೇ ಉಳಿಯಿತು. ಅವನನ್ನು ಕೆಳಗಿಳಿಸಿ ಮಾಳಿಗೆಯ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ರಾಯರು ಜನಿವಾರಕ್ಕೆ ಕಟ್ಟಿಕೊಂಡರು.

ಸೋಮವಾರ ನಸುಕಿನಲ್ಲಿ ಆಕಾಶದ ತುಂಬ ಮೋಡ. ಕಂಬಳಿ ಬೇಕಿರಲಿಲ್ಲ, ಬೆಂಕಿ ಯಾರಿಗೂ ನೆನಪಾಗಲಿಲ್ಲ. ಪ್ರಾಣೇಶ ಹಾಸಿಗೆಯಲ್ಲೇ ಮಲಗಿ ಸೂರು ನೋಡುತ್ತಿದ್ದ. ಮೇಲಿಂದ ರುದ್ರಮುನಿಯ ಕೂಗು ಇಡೀ ಓಣಿಗೆ ಕೇಳಿತು.

"ಹದಿನೆಂಟು! ಕರೆಕ್ಟ್ ಹದಿನೆಂಟು ಐತ್ರಿ!"

ಮೂವರೂ ದಬದಬ ಇಳಿದು ಬಂದು ಪ್ರಾಣೇಶನನ್ನು ಹಾಸಿಗೆಯಿಂದೆಬ್ಬಿಸಿ ಅಪ್ಪಿಕೊಂಡರು. ಸಕೀನಾಬಿ ಸಕ್ಕರೆ ತಂದಳು. ಚೇತನಕುಮಾರ ಬಳಗಕ್ಕೆ ಬರೆದ, ಕಣ್ಣಾರೆ ನೋಡಿದ್ದೆಂದು. ಇಷ್ಟು ವರ್ಷದಲ್ಲಿ ಮೊದಲ ಸಲ ಪ್ರಾಣೇಶ ಹೇಳಿದ ಹವಾಮಾನ ಸಾಕ್ಷಿ ಸಮೇತ ಖರೇ ಆಗಿತ್ತು. ಅವನು ಎಲ್ಲರ ಕೈ ಹಿಡಿದು ಹಿಡಿದು ಬಿಟ್ಟ.

ಪದ್ಮಜಾ ನಿಜವಾದ ಹೆಮ್ಮೆಯಿಂದ ಗಂಡನನ್ನು ನೋಡಿದಳು. "ನಾ ಇಷ್ಟು ದಿವಸ ನಿಮ್ಮನ್ನ ತಿಳಕೊಂಡಿರಲಿಲ್ರಿ," ಎಂದಳು. "ನಿನ್ನೆಯಿಂದ ನಿಮ್ಮನ್ನ ಮಾಳಿಗಿ ಮ್ಯಾಲೆ ಬಿಟ್ಟಿಲ್ಲ. ಪೆಟ್ಟಿಗಿ ಬಾಗಲಾ ತಗದು ಸುದ್ಧಾ ನೋಡಿಲ್ಲ. ಮೊಬೈಲ್ ನೋಡಿ ಒಂದು ಡಿಗ್ರಿ ಹೆಚ್ಚುಕಮ್ಮಿ ಆಗದಂಗ ಹೇಳಿದ್ರಿ."

"ಹೌದು ಮತ್ತ!" ಎಂದ ಪ್ರಾಣೇಶ, ಎದೆಯುಬ್ಬಿಸಿ.

"ಹಂಗಾದ್ರ ಪೆಟ್ಟಿಗಿ ಯಾಕ ಬೇಕ್ರಿ?"

ಪ್ರಾಣೇಶ ರಾಯರ ಕಡೆ ನೋಡಿದ. ರಾಯರು ಜನಿವಾರದಿಂದ ಬೀಗದ ಕೈ ಬಿಚ್ಚಿ ಪದ್ಮಜಾಳಿಗೆ ಕೊಟ್ಟರು. "ಆಕಿ ಹೇಳೋದ್ರಾಗ ನ್ಯಾಯ ಅದ," ಎಂದರು.

ಪೆಟ್ಟಿಗೆಯನ್ನು ಎತ್ತಿ ಇಳಿಸಲು ಮೂವರು ಸಾಕ್ಷಿಗಳೂ ಕೈ ಹಚ್ಚಿದರು. ಸಕೀನಾಬಿ ಮೆಣಸಿನಕಾಯಿಯ ಮೊದಲ ಚೀಲ ಹೊತ್ತು ಮೇಲೆ ಬಂದಾಗ ಪದ್ಮಜಾ ಗಂಡನನ್ನು ಕೇಳಿದಳು, ಈಗ ಅವಳ ದನಿಯಲ್ಲಿ ಪೂರ್ತಿ ಭರವಸೆಯಿತ್ತು: "ರೀ, ಮೋಡ ಯಾವಾಗ ಸರೀತದ ಹೇಳ್ರಿ, ಹರವಲಿಕ್ಕೆ."

"ಹನ್ನೊಂದಕ್ಕ," ಎಂದ ಪ್ರಾಣೇಶ. ಹನ್ನೊಂದಕ್ಕೆ ಸರಿಯಾಗಿ ಬಿಸಿಲು ಬಿತ್ತು.