ಗೆಲ್ಲೋರೇ ಇಲ್ಲದ ಡ್ಯಾನ್ಸ್ ಶೋ

ಡ್ಯಾನ್ಸ್ ಕ್ಲಾಸ್ ನಡೆಸೋನ ಬದುಕಲ್ಲಿ ಏನಿಲ್ಲದಿದ್ದರೂ ಇಂಥ ಪ್ರಸಂಗಗಳಿಗೆ ಬರ ಇಲ್ಲ. ನನ್ನ ಕ್ಲಾಸ್ ವಾರವಿಡೀ ಶಿಕಾರಿಪುರದಲ್ಲಿ, ಭಾನುವಾರ ಸೊರಬದಲ್ಲಿ. ಎರಡೂ ಕಡೆ ಮಕ್ಕಳು ಹೇಗೋ ತಾಳಕ್ಕೆ ಬರ್ತಾರೆ, ಅಪ್ಪ ಅಮ್ಮಂದಿರು ಬರಲ್ಲ.

ಸುಮ್ನೆ ಕುಣಿಯೋದು

ಮೊಬೈಲಲ್ಲಿ ಅರವತ್ತರ ದಶಕದ ಒಂದು ವಿದೇಶಿ ಟಿವಿ ಕಾರ್ಯಕ್ರಮ ಕಣ್ಣಿಗೆ ಬಿತ್ತು. ಹದಿಹರೆಯದ ಹುಡುಗರು ಟೈ ಕಟ್ಟಿ, ಹುಡುಗಿಯರು ಫ್ರಾಕ್ ತೊಟ್ಟು, ಪಾಪ್ ಹಾಡಿಗೆ ಖುಷಿಯಾಗಿ ಕುಣೀತಿದ್ದರು. ಜಡ್ಜಿಲ್ಲ, ಮಾರ್ಕಿಲ್ಲ, ಯಾರನ್ನೂ ಹೊರಗೆ ಹಾಕೋದಿಲ್ಲ. ನಮ್ಮ ವಾರ್ಷಿಕೋತ್ಸವ ಈ ಸಲ ಹೀಗೇ ಮಾಡೋಣ, ಕೇಬಲ್‌ನವರು ಶೂಟ್ ಮಾಡಿ ಟಿವಿಯಲ್ಲಿ ಹಾಕ್ತಾರೆ ಅಂತ ಅಪ್ಪ ಅಮ್ಮಂದಿರ ಮೀಟಿಂಗಲ್ಲಿ ಅಂದೆ. ಶಿಕಾರಿಪುರದ ತಾಯಿಯೊಬ್ಬರು ಎದ್ದು, ಫಸ್ಟ್ ಯಾರಿಗೆ ಅಂದರು. ಯಾರಿಗೂ ಇಲ್ಲ, ಸುಮ್ನೆ ಕುಣಿಯೋದು ಅಂದೆ.

"ಸುಮ್ನೆ ಕುಣಿಯಾಕೆ ಕ್ಲಾಸ್ ಯಾಕ್ರೀ ಮಾಸ್ತರೇ? ನನ್ ಮಗಳು ಮನ್ಯಾಗೇ ಕುಣೀತಾಳಲ್ಲ."

ಗೆದ್ದೋರು ಸೋತೋರು ಇಲ್ಲದಿದ್ರೆ ಮಕ್ಕಳನ್ನ ಬೇರೆ ಕ್ಲಾಸಿಗೆ ಸೇರಿಸ್ತೀವಿ ಅಂತ ಸಂಜೆಯೊಳಗೆ ಗ್ರೂಪಲ್ಲಿ ಮೆಸೇಜೂ ಬಂತು. ನಾನು ಹಟ ಬಿಡಲಿಲ್ಲ. ಬುದ್ಧಿ ಇದ್ದಿದ್ರೆ ಬಿಡ್ತಿದ್ದೆ.

ಆ ಕಾಲದ ಬಟ್ಟೆ

ಅರವತ್ತರ ಕಾಲದ ಬಟ್ಟೆ ಹಾಕಿಸಿ ಕಳಿಸಿ ಅಂದಿದ್ದೆ. ವಾರ್ಷಿಕೋತ್ಸವದ ದಿನ ಸೊರಬದ ಹುಡುಗನೊಬ್ಬ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕ್ಕೊಂಡು ಬಂದ. ಇದೇನು ಅಂತ ಅವನಪ್ಪನನ್ನ ಕೇಳಿದರೆ, ನಮ್ಮಜ್ಜ ಆಗ ಇದನ್ನೇ ಉಡ್ತಿದ್ದದ್ದು ಮಾರಾಯ್ರೆ, ಫೋಟೋ ಬೇಕಾ ಅಂದರು.

ಹುಡುಗ ಚೆನ್ನಾಗಿ ಕುಣೀತಾನೆ, ಮುಂದಿನ ಸಾಲಲ್ಲಿ ನಿಲ್ಲಿಸಿದೆ. ಅರ್ಧ ಹಾಡಿಗೆ ಪಂಚೆ ಸಡಿಲ ಆಯ್ತು. ಒಂದು ಕೈಯಲ್ಲಿ ಸೊಂಟ ಹಿಡ್ಕೊಂಡೇ ಕುಣಿದ. ಹಿಂದಿನವರು ಇದೇ ಹೊಸ ಸ್ಟೆಪ್ ಅಂದ್ಕೊಂಡು ಎಲ್ಲರೂ ಸೊಂಟ ಹಿಡ್ಕೊಂಡ್ರು.

ಬಾಯಿ ಆಡಿಸೋ ಗಾಯಕ

ಆ ಕಾಲದ ಶೋಗಳಲ್ಲಿ ರೆಕಾರ್ಡ್ ಹಾಡ್ತಿತ್ತು, ಗಾಯಕರು ಬರೀ ತುಟಿ ಆಡಿಸ್ತಿದ್ದರು. ನಮ್ಮೂರ ಆರ್ಕೆಸ್ಟ್ರಾ ಗಾಯಕನಿಗೆ ಹಾಗೇ ಹೇಳಿಕೊಟ್ಟಿದ್ದೆ. ನಡುವೆ ಕರೆಂಟ್ ಹೋಯ್ತು, ಹಾಡು ನಿಂತಿತು. ಮಹಾಶಯ ಕಣ್ಣು ಮುಚ್ಚಿಕೊಂಡು ಹಾಡಲ್ಲೇ ಮುಳುಗಿದ್ದ, ಗೊತ್ತಾಗಲಿಲ್ಲ. ಒಂದಿಡೀ ಚರಣ ಭಾವ ತುಂಬಿ ಮೌನವಾಗಿ ಹಾಡಿದ. ಮುಂದೆ ಕೂತಿದ್ದ ಅಜ್ಜ ಕಿವಿಯ ಮಿಷನ್ ತೆಗೆದು ತಟ್ಟಿ ತಟ್ಟಿ ನೋಡಿದರು.

ಹೊರಗೆ ಹೋಗೋದು ಯಾರು?

ಕರೆಂಟ್ ಬಂದು, ಕಡೆಯ ಹಾಡು ಮುಗಿದಾಗ ಮಕ್ಕಳೆಲ್ಲ ಬೆವರಿ ನಗ್ತಾ ನಿಂತಿದ್ದರು. ನನಗೂ ಎದೆ ತುಂಬಿ ಬಂತು. ಎಲ್ಲರೂ ಗೆದ್ದಿದೀರಿ ಅಂದೆ. ಅದೇ ತಪ್ಪಾಯ್ತು.

ಮೊದಲು ಫಸ್ಟ್ ಯಾರಿಗೆ ಅಂದಿದ್ದ ಆ ತಾಯಿ ಉಳಿದ ಅಪ್ಪ ಅಮ್ಮಂದಿರನ್ನೆಲ್ಲ ಮೂಲೆಗೆ ಕರೆದು ಸಭೆ ಮಾಡಿದರು. ಆಮೇಲೆ ಮೈಕ್ ಹಿಡಿದು, ಒಬ್ಬರಾದ್ರೂ ಹೊರಗೆ ಹೋಗದಿದ್ರೆ ಟಿವಿಯಲ್ಲಿ ಚೆಂದ ಕಾಣಲ್ಲ ಅಂದರು. ಮಕ್ಕಳನ್ನ ಕಳಿಸಿದ್ರೆ ಅವಕ್ಕೆ ಬೇಜಾರು. ಅದಕ್ಕೆ ಮಾಸ್ತರೇ ಹೋಗಲಿ, ಬೇರೆ ಮಾಸ್ತರು ಸಿಕ್ಕಿದಾರೆ ಅಂದರು. ಎಲ್ಲರೂ ಕೈ ಎತ್ತಿದರು.

ನಾನು ಸ್ಟೇಜ್ ಇಳಿದೆ. ಆ ತಾಯಿಯ ಮಗಳೇ ಓಡಿ ಬಂದು ನನ್ನ ತೋಳು ಹಿಡಿದಳು. ಸದ್ಯ, ಒಬ್ಬಳಾದರೂ ಇದ್ದಾಳಲ್ಲ ಅಂದ್ಕೊಂಡೆ.

"ಹಂಗೇ ಹೋಗಬ್ಯಾಡ್ರಿ ಮಾಸ್ತರೇ," ಅಂದಳು ಮೆಲ್ಲಗೆ. "ಕ್ಯಾಮೆರಾ ಕಡೆ ತಿರುಗಿ ಒಂಚೂರು ಅಳ್ರಿ."

ಅಳು ನಿಜವಾಗಿಯೇ ಬಂತು. ಕೇಬಲ್‌ನವನು ಮಾತ್ರ ಬೆಳಕು ಸಾಲಲಿಲ್ಲ, ಇನ್ನೊಂದ್ಸಲ ಅಂದ.